ಕಲ್ಲು ನೋಡಲು ಬರುವವರಿಗೆ ದಾರಿ ಸಿದ್ಧವಿದೆಯೇ?

2020ರ ಮಾರ್ಚ್ ಮೊದಲ ವಾರ ದೆಹಲಿಯಲ್ಲಿ 36ನೇ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನ ನಡೆಯಬೇಕಿತ್ತು. 1964ರಲ್ಲಿ 22ನೇ ಸಮ್ಮೇಳನ ದೆಹಲಿಯಲ್ಲೇ ನಡೆದಿತ್ತು. ಆ ಸರದಿ ಮತ್ತೆ ಭಾರತಕ್ಕೆ ಬರಲು ಐವತ್ತಾರು ವರ್ಷ ಬೇಕಾಯಿತು. ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ ಜೊತೆಗೂಡಿ ಆತಿಥ್ಯ ವಹಿಸಿದ್ದವು. ಸಮ್ಮೇಳನದ ಹಿಂದೆ ಮುಂದೆ ಉಪಖಂಡದ ಉದ್ದಗಲಕ್ಕೂ ಕ್ಷೇತ್ರ ಪ್ರವಾಸಗಳನ್ನು ಹೆಣೆಯಲಾಗಿತ್ತು. ಅಷ್ಟರಲ್ಲಿ ಕೋವಿಡ್ ಬಂತು. ಒಮ್ಮೆ ಮುಂದೂಡಿದರು, ಮತ್ತೊಮ್ಮೆ ಮುಂದೂಡಿದರು. ಕೊನೆಗೆ 2022ರ ಮಾರ್ಚ್‌ನಲ್ಲಿ ಆನ್‌ಲೈನ್‌ನಲ್ಲೇ ಮುಗಿಸಬೇಕಾಯಿತು. ಉಪನ್ಯಾಸಗಳು ಪರದೆಯ ಮೇಲೆ ನಡೆದವು, ಆದರೆ ಬಂಡೆಯನ್ನು ಪರದೆಯ ಮೇಲೆ ತಡವಿ ನೋಡಲಾಗುವುದಿಲ್ಲ. ಮುಂದಿನ ಸಮ್ಮೇಳನ 2024ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ಗೆ ಹೋಯಿತು.

ದೊಡ್ಡ ಸಮ್ಮೇಳನ ತಪ್ಪಿದರೇನಂತೆ, ಸಣ್ಣ ತಂಡಗಳು ಬರುತ್ತಲೇ ಇವೆ. ಹತ್ತು ಹದಿನೈದು ಸ್ನಾತಕೋತ್ತರ ವಿದ್ಯಾರ್ಥಿಗಳು, ಜೊತೆಗೆ ಇಬ್ಬರು ಪ್ರಾಧ್ಯಾಪಕರು. ಯೂರೋಪಿನಿಂದ, ಜಪಾನಿನಿಂದ, ದಕ್ಷಿಣ ಆಫ್ರಿಕಾದಿಂದ ಹೊರಟು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಅವರಿಗೆ ಮೈಸೂರು ಅರಮನೆ ಬೇಕಿಲ್ಲ, ಜೋಗವೂ ಬೇಕಿಲ್ಲ. ಕನಕಪುರ ತಾಲ್ಲೂಕಿನ ಕಬ್ಬಾಳಿನ ಒಂದು ಹಳೆಯ ಕ್ವಾರಿ, ಚಿತ್ರದುರ್ಗದ ಬಯಲಿನ ಒಂದು ಪುಟ್ಟ ಬಂಡೆ, ಮಲ್ಪೆಯ ಆಚೆಗಿನ ದ್ವೀಪ, ಇವನ್ನು ನೋಡಿ ಹೋಗಬೇಕು. ಭೂಮಿಯ ಬಾಲ್ಯವನ್ನು ಓದುವವರಿಗೆ ಧಾರವಾಡ ಕ್ರೇಟಾನ್ ಎಂಬ, ನಮ್ಮ ಕಾಲಡಿಯ ಈ ಪುರಾತನ ಭೂಖಂಡದ ತುಂಡು ಕಡ್ಡಾಯ ಪಾಠ. ಆದರೆ ಆ ಪಾಠ ಅವರಿಗೆ ಸಿಗುತ್ತದೋ ಇಲ್ಲವೋ ಎಂಬುದು ಬಂಡೆಯ ವಯಸ್ಸಿನ ಮೇಲೆ ನಿಂತಿಲ್ಲ. ವೀಸಾ, ವಾಹನ, ಲಾಡ್ಜು, ಶೌಚಾಲಯ, ಅರಣ್ಯ ಇಲಾಖೆಯ ಒಂದು ಪತ್ರದ ಮೇಲೆ ನಿಂತಿದೆ. ಇಂಥ ತಂಡಗಳ ಪ್ರವಾಸ ಕಟ್ಟುವ ಕೆಲಸದಲ್ಲಿ ಕೈಯಾಡಿಸಿದವನಾಗಿ ನನಗೆ ಖಚಿತವಾಗಿರುವ ಒಂದು ಮಾತಿದೆ. ಈ ಏರ್ಪಾಟನ್ನು ಟ್ರಾವೆಲ್ ಏಜೆಂಟರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ, ಅದೂ ಭೂವಿಜ್ಞಾನದ್ದೇ ಕೆಲಸ.

ಹೇಗೆಂದರೆ, ದಾರಿಯನ್ನು ಗೊತ್ತುಮಾಡುವುದು ಕಲ್ಲು. ಧಾರವಾಡ ಕ್ರೇಟಾನ್ ದಕ್ಷಿಣದ ಕಡೆ ಮೇಲೆದ್ದು ಉತ್ತರಕ್ಕೆ ವಾಲಿಕೊಂಡ ದೊಡ್ಡ ತುಂಡು. ಮೇಲೆದ್ದ ದಕ್ಷಿಣದಲ್ಲಿ ಮೇಲ್ಪದರವೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಗಿ, ಒಂದು ಕಾಲಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ಆಳದಲ್ಲಿದ್ದ ಶಿಲೆ ಇಂದು ನೆಲದ ಮೇಲೆ ಕಾಣುತ್ತದೆ. ಉತ್ತರಕ್ಕೆ ಹೋದಂತೆಲ್ಲ ಕಡಿಮೆ ಆಳದ ಶಿಲೆಗಳು ಸಿಗುತ್ತವೆ. ಚಿತ್ರದುರ್ಗ, ಸಂಡೂರು ತಲುಪುವ ಹೊತ್ತಿಗೆ ಸಮುದ್ರದ ತಳದಲ್ಲಿ ಹರಿದ ಲಾವಾ, ನೀರಿನಲ್ಲಿ ಕುಳಿತ ಕಬ್ಬಿಣದ ಪದರಗಳು ಎದುರಾಗುತ್ತವೆ. ಅಂದರೆ ಕಬ್ಬಾಳಿನಿಂದ ಹೊರಟು ಸಂಡೂರಿನ ಕಡೆಗೆ ರಸ್ತೆಯಲ್ಲಿ ಹೋಗುವವರು ಭೂಮಿಯ ಹೊಟ್ಟೆಯಿಂದ ಮೇಲ್ಮೈಗೆ ಏರಿಬರುತ್ತಿರುತ್ತಾರೆ. ಕ್ಲೋಸ್‌ಪೇಟೆ ಗ್ರಾನೈಟ್ ಕೂಡ ಇದೇ ಕಥೆ ಹೇಳುತ್ತದೆ. ರಾಮನಗರದ ಹಳೆಯ ಹೆಸರು ಹೊತ್ತ ಈ ಗ್ರಾನೈಟ್ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದೆ. ದಕ್ಷಿಣದಲ್ಲಿ ಅದರ ಬೇರು ಸುತ್ತಲಿನ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯೊಂದಿಗೆ ಕಲಸಿಹೋಗಿದೆ. ಉತ್ತರದಲ್ಲಿ ಅದೇ ಮಾಗ್ಮಾ ಮೇಲಕ್ಕೆ ನುಗ್ಗಿ ಬೇರೆ ಬೇರೆಯಾಗಿ ಗಟ್ಟಿಯಾಗಿದೆ. ಹೋಟೆಲ್ ಬುಕಿಂಗ್ ಅನುಕೂಲಕ್ಕೆಂದು ಮೊದಲು ಹಂಪಿ, ಆಮೇಲೆ ಮೈಸೂರು, ಕೊನೆಗೆ ಚಿತ್ರದುರ್ಗ ಎಂದು ದಾರಿಯನ್ನು ತಿರುವುಮುರುವು ಮಾಡಿದರೆ ಈ ಏರಿಕೆಯೇ ಕಣ್ಣಿಗೆ ಬೀಳುವುದಿಲ್ಲ. ಹುಡುಗರು ಬಿಡಿಬಿಡಿ ಕಲ್ಲುಗಳನ್ನಷ್ಟೇ ನೋಡಿ ಹೋಗುತ್ತಾರೆ. ಆದ್ದರಿಂದ ದಕ್ಷಿಣದಿಂದ ಉತ್ತರಕ್ಕೆ ಎಂಬ ಕ್ರಮ ಮೊದಲು, ಉಳಿದದ್ದೆಲ್ಲ ಅದರ ಹಿಂದೆ ಎಂದು ಪಟ್ಟು ಹಿಡಿಯಬೇಕು.

ಪಟ್ಟು ಹಿಡಿಯುವುದೇನೋ ಸರಿ, ಕ್ಯಾಲೆಂಡರ್ ಬಿಡಬೇಕಲ್ಲ! ಯೂರೋಪಿನ ವಿಶ್ವವಿದ್ಯಾಲಯಗಳಿಗೆ ಬೇಸಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ನಮಗದು ಆಷಾಢ, ಶ್ರಾವಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ಪ್ರವಾಸಿ ದೋಣಿ ಬಿಡುವುದಿಲ್ಲ. ಘಾಟಿ ರಸ್ತೆಗಳಲ್ಲಿ ಯಾವಾಗ ಗುಡ್ಡ ಜಾರುತ್ತದೋ ಹೇಳಲಾಗದು. ಬಂಡೆಗಳ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ, ಶಿಲೆಯ ಬಣ್ಣವೂ ಮುಚ್ಚಿಹೋಗಿರುತ್ತದೆ. ಏಪ್ರಿಲ್, ಮೇ ಎಂದರೆ ಬಳ್ಳಾರಿ ಸೀಮೆಯ ಬಿಸಿಲು. ಹನ್ನೊಂದು ಗಂಟೆಯ ಮೇಲೆ ಬೋಳು ಬಂಡೆಯ ಮೇಲೆ ನಿಂತು ಪಾಠ ಕೇಳುವುದು ನಮ್ಮ ಹುಡುಗರಿಗೇ ಆಗದು, ಇನ್ನು ಹಿಮದ ನಾಡಿನಿಂದ ಬಂದವರ ಪಾಡೇನು! ಉಳಿಯುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ. ಅದರಲ್ಲೂ ಸಂಕ್ರಾಂತಿ, ಗಣರಾಜ್ಯೋತ್ಸವದ ಆಸುಪಾಸಿನ ಉದ್ದದ ವಾರಾಂತ್ಯಗಳನ್ನು ತಪ್ಪಿಸಬೇಕು, ಹಂಪಿ ಉತ್ಸವದ ದಿನಾಂಕ ನೋಡಿಕೊಳ್ಳಬೇಕು. ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಡುವ ಯೋಜನೆಯನ್ನಂತೂ ಕಾಗದದ ಮೇಲೂ ಬರೆಯಬಾರದು. ಚಳಿಗಾಲಕ್ಕೆ ಇನ್ನೊಂದು ಗುಣವಿದೆ. ಬೆಳಗ್ಗೆ ಎಂಟರ ಓರೆ ಬಿಸಿಲು ಬಂಡೆಯ ಮೇಲಿನ ಗೆರೆ, ಮಡಿಕೆ, ಏರುತಗ್ಗುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ನಡುಮಧ್ಯಾಹ್ನ ಅದೇ ಬಂಡೆ ಬರೀ ಬೂದು.

ಕಾಗದಪತ್ರದ ಕೆಲಸ ಪ್ರವಾಸಕ್ಕೆ ಕನಿಷ್ಠ ಆರು ತಿಂಗಳು ಮೊದಲೇ ಶುರುವಾಗಬೇಕು. ನೋಡಿ ಹೋಗಲು ಬರುವವರ ವೀಸಾ ಬೇರೆ, ಸಮ್ಮೇಳನಕ್ಕೆ ಬರುವವರದು ಬೇರೆ, ಮಾದರಿ ಸಂಗ್ರಹಿಸಿ ಸಂಶೋಧನೆ ಮಾಡುವವರದು ಬೇರೆ. ಪ್ರವಾಸಿ ವೀಸಾದಲ್ಲಿ ಬಂದು ಚೀಲಗಟ್ಟಲೆ ಕಲ್ಲು ಒಡೆದು ಒಯ್ಯುವುದು ತಪ್ಪು. ಆಹ್ವಾನಿಸುವ ಕಾಲೇಜು ತನ್ನ ಪತ್ರದಲ್ಲಿ ಪ್ರವಾಸದ ಉದ್ದೇಶವನ್ನು ಇದ್ದದ್ದು ಇದ್ದಂತೆ ಬರೆದುಬಿಟ್ಟರೆ ಮುಂದೆ ಯಾರಿಗೂ ತಲೆನೋವಿಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಂದ ಬರುವವರು, ಆ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಹೆಚ್ಚು ಹೊತ್ತು ತಂಗಿ ಬರುವವರು ಹಳದಿ ಜ್ವರದ ಲಸಿಕೆ ಪತ್ರ ತೋರಿಸಬೇಕು. ಅದನ್ನೂ ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ವಿಮಾನದ ಟಿಕೆಟ್ ಅಗ್ಗವೆಂದು ಎಲ್ಲಿ ಬದಲಿಸುತ್ತೇವೆ ಎಂಬುದನ್ನು ಗಮನಿಸದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಸ್ಯಾಟಲೈಟ್ ಫೋನಿನದು. ಗ್ರೀನ್‌ಲ್ಯಾಂಡ್, ಆಸ್ಟ್ರೇಲಿಯಾದ ನಿರ್ಜನ ಬಯಲುಗಳಲ್ಲಿ ಓಡಾಡುವ ಭೂವಿಜ್ಞಾನಿಗಳಿಗೆ ಅದು ಜೀವರಕ್ಷಕ. ಸುತ್ತಿಗೆ, ದಿಕ್ಸೂಚಿಯಷ್ಟೇ ಸಹಜವಾಗಿ ಅದನ್ನು ಬ್ಯಾಗಿಗೆ ಹಾಕಿಕೊಂಡಿರುತ್ತಾರೆ. ಭಾರತದಲ್ಲಿ ಟೆಲಿಕಾಂ ಇಲಾಖೆಯ ಪೂರ್ವಾನುಮತಿ ಇಲ್ಲದೆ ಅದನ್ನು ತರುವಂತಿಲ್ಲ. ಗಾರ್ಮಿನ್ ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನಕ್ಕೂ ಇದೇ ನಿಯಮ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಪೊಲೀಸರಿಗೆ ಒಪ್ಪಿಸಿದ ಪ್ರಕರಣಗಳಿವೆ. ಡ್ರೋನ್ ಕೂಡ ಹಾಗೆಯೇ, ಕಸ್ಟಮ್ಸ್ ದಾಟುವುದಿಲ್ಲ. ಇದನ್ನು ಆಹ್ವಾನ ಪತ್ರದ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಕಬ್ಬಾಳಿನಲ್ಲೂ ಮೊಬೈಲ್ ಸಿಗ್ನಲ್ ಇದೆ, ಸ್ಯಾಟಲೈಟ್ ಫೋನ್ ಬೇಕಾಗಿಲ್ಲ ಎಂದು ಅವರಿಗೆ ಧೈರ್ಯ ಹೇಳಬೇಕು.

ಸುತ್ತಿಗೆ, ಉಳಿಗಳು ಚೆಕ್-ಇನ್ ಬ್ಯಾಗಿನಲ್ಲಿ ಬರಲಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ. ಸುಣ್ಣಕಲ್ಲು ಪರೀಕ್ಷಿಸಲು ಬೇಕಾದ ಹೈಡ್ರೊಕ್ಲೋರಿಕ್ ಆಮ್ಲವನ್ನು ವಿಮಾನದಲ್ಲಿ ತರುವ ಮಾತೇ ಇಲ್ಲ. ಅದನ್ನು ಆತಿಥೇಯ ಕಾಲೇಜಿನ ಪ್ರಯೋಗಾಲಯದಲ್ಲೇ ಸಾಕಷ್ಟು ತೆಳುಮಾಡಿ, ಹನಿ ಹಾಕುವ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿ, ಹೆಸರು ಬರೆದು ಕೊಡಬೇಕು. ಅಂಗಡಿಯ ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಹಾಗೆಯೇ ಜೇಬಿಗಿಳಿಸಿ ಹೊರಡುವುದು ಬೇಡ.

ಇನ್ನು ತಂಗುವ ಜಾಗ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ನಿಗದಿತ ಫಾರ್ಮ್‌ನಲ್ಲಿ ತುಂಬಿ ಸರ್ಕಾರದ ಪೋರ್ಟಲ್‌ನಲ್ಲಿ ಕಳಿಸಬೇಕೆಂಬ ನಿಯಮವಿದೆ. ಬೆಂಗಳೂರು, ಹಂಪಿಯ ಹೋಟೆಲುಗಳಿಗೆ ಇದು ದಿನನಿತ್ಯದ ಕೆಲಸ. ತಾಲ್ಲೂಕು ಕೇಂದ್ರದ ಲಾಡ್ಜಿನವರಿಗೆ ಹಾಗಲ್ಲ. ಎರಡು ತಿಂಗಳ ಮೊದಲು ಫೋನ್ ಮಾಡಿದಾಗ "ಬನ್ನಿ ಸಾರ್, ರೂಮು ಎಷ್ಟು ಬೇಕಾದ್ರೂ ಇವೆ" ಎಂದವರೇ, ಬರುವವರು ವಿದೇಶಿಯರು ಎಂದ ಕೂಡಲೇ ದನಿ ತಗ್ಗಿಸುತ್ತಾರೆ. "ಅಯ್ಯೋ, ಫಾರಿನರ್ಸಾ? ನಮ್ಮಲ್ಲಿ ಆ ಫಾರ್ಮ್ ಹಾಕೋರು ಯಾರೂ ಇಲ್ಲ ಸಾರ್. ಆಮೇಲೆ ಪೊಲೀಸ್‌ನವರು ಬಂದು ಕೇಳ್ತಾರೆ." ಅವರ ಅಂಜಿಕೆ ಸುಳ್ಳಲ್ಲ. ಮೊದಲೇ ಒಬ್ಬ ವಿದ್ಯಾರ್ಥಿಯನ್ನು ಕಳಿಸಿ, ಲಾಡ್ಜಿನ ಹೆಸರಿನಲ್ಲಿ ಆ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಅಲ್ಲಿನ ಕೆಲಸದ ಹುಡುಗರಿಗೆ ತುಂಬುವುದು ಹೇಗೆಂದು ಹೇಳಿಕೊಟ್ಟು, ಸ್ಥಳೀಯ ಠಾಣೆಗೂ ಒಂದು ಪತ್ರ ತಲುಪಿಸಿದರೆ ಕೆಲಸ ಸಲೀಸು. ಒಮ್ಮೆ ಕಲಿತ ಲಾಡ್ಜಿನವರು ಮುಂದಿನ ವರ್ಷ ತಾವೇ ಫೋನ್ ಮಾಡುತ್ತಾರೆ. ಇದನ್ನು ಮಾಡದೆ ಹೊರಟರೆ ರಾತ್ರಿ ಒಂಬತ್ತಕ್ಕೆ ದಣಿದ ತಂಡವನ್ನು ಕಟ್ಟಿಕೊಂಡು ಊರೂರು ಅಲೆಯಬೇಕಾಗುತ್ತದೆ.

ವಾಹನದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ದೊಡ್ಡ ಬಸ್ಸು ಬೇಡ. ಇಪ್ಪತ್ತು ಜನಕ್ಕೆ ಎರಡು ಟೆಂಪೊ ಟ್ರಾವೆಲರ್ ಮಾಡಿ. ಹಳ್ಳಿ ರಸ್ತೆಯ ಮೇಲೆ ಜೋತುಬಿದ್ದ ವಿದ್ಯುತ್ ತಂತಿ, ಹುಣಸೆ ಕೊಂಬೆ, ಕಿರಿದಾದ ಮೋರಿ, ಇವೆಲ್ಲ ದೊಡ್ಡ ಬಸ್ಸನ್ನು ಬಂಡೆಗೆ ಎರಡು ಕಿಲೋಮೀಟರ್ ಇರುವಾಗಲೇ ನಿಲ್ಲಿಸಿಬಿಡುತ್ತವೆ. ಮಲ್ಪೆಗೆ ಹೋಗುವವರಾದರೆ ಆಗುಂಬೆಯ ತಿರುವುಗಳಲ್ಲಿ ಉದ್ದದ ಬಸ್ಸು ತಿರುಗುವುದೂ ಇಲ್ಲ. ಒಂದು ಗಾಡಿ ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯ ಬೇರೆ. ಚಾಲಕರನ್ನು ಮೊದಲ ದಿನವೇ ಕೂರಿಸಿ ನಕ್ಷೆ ತೋರಿಸಿ, ನಾವು ದೇವಸ್ಥಾನಗಳ ಮುಂದೆ ನಿಲ್ಲುವವರಲ್ಲ, ಯಾರೂ ನಿಲ್ಲದ ಕಡೆ ನಿಲ್ಲುವವರು ಎಂದು ಬಿಡಿಸಿ ಹೇಳಬೇಕು. ಅವರ ಬಾಟಾ, ಊಟ, ರಾತ್ರಿ ಮಲಗುವ ಜಾಗ ಎಲ್ಲವೂ ಬಜೆಟ್ಟಿನಲ್ಲಿ ಮೊದಲ ಸಾಲಿನಲ್ಲೇ ಬರಬೇಕು. ಗಾಡಿಯ ಸೀಟಿನಲ್ಲೇ ರಾತ್ರಿ ಕಳೆದ ಚಾಲಕನ ಕೈಗೆ ಮರುದಿನ ಇಪ್ಪತ್ತು ಜೀವಗಳನ್ನು ಒಪ್ಪಿಸುವುದು ದೊಡ್ಡ ಅಪರಾಧ. ಹೆದ್ದಾರಿ ಅಗೆದಾಗ ತೆರೆದುಕೊಂಡ ಬಂಡೆಗಳು ಎಷ್ಟೇ ಚೆನ್ನಾಗಿರಲಿ, ರಾಷ್ಟ್ರೀಯ ಹೆದ್ದಾರಿಯ ಪಕ್ಕ ಗುಂಪು ನಿಲ್ಲಿಸುವುದು ಬೇಡ. ನಿಲ್ಲಿಸಲೇಬೇಕಾದರೆ ಎಲ್ಲರಿಗೂ ಹೊಳೆಯುವ ಪಟ್ಟಿಯ ಜಾಕೆಟ್, ಎರಡೂ ತುದಿಗೆ ಒಬ್ಬೊಬ್ಬ ಕಾವಲು ಇರಲಿ.

ಪ್ರವಾಸಕ್ಕೆ ಒಂದು ತಿಂಗಳು ಮೊದಲು ಇಡೀ ದಾರಿಯನ್ನು ಒಮ್ಮೆ ಸುತ್ತಿ ಬರಲೇಬೇಕು. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ "ಊರಿನಿಂದ ದಕ್ಷಿಣಕ್ಕೆ ಗಾಡಿದಾರಿಯಲ್ಲಿ ಎರಡು ಕಿಲೋಮೀಟರ್" ಎಂದು ಬರೆದಿರುತ್ತದೆ. ಹೋಗಿ ನೋಡಿದರೆ ಗಾಡಿದಾರಿಯೂ ಇಲ್ಲ, ಬಂಡೆಯೂ ಇಲ್ಲ. ಅಲ್ಲೊಂದು ಲೇಔಟ್, ಇಲ್ಲವೇ ಜಲ್ಲಿ ಕ್ರಷರ್. ಬಂಡೆ ಉಳಿದಿದ್ದರೂ ಅದರ ಮೇಲೆ ಚುನಾವಣೆಯ ಚಿಹ್ನೆಯೋ ಸಿಮೆಂಟಿನ ಜಾಹೀರಾತೋ ಬಣ್ಣ ಬಳಿದುಕೊಂಡು ಕೂತಿರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಭೂಕೋಶ್ ಪೋರ್ಟಲ್‌ನಲ್ಲಿ ಶಿಲಾನಕ್ಷೆ ಸಿಗುತ್ತದೆ, ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಸಿಗುತ್ತದೆ. ಬೇಲಿ ಯಾರದು, ಗೇಟಿನ ಬೀಗದ ಕೈ ಯಾರ ಬಳಿ ಎಂಬುದು ಮಾತ್ರ ಯಾವ ನಕ್ಷೆಯಲ್ಲೂ ಇಲ್ಲ. ಹೊಲದ ಯಜಮಾನರನ್ನು ಕಂಡು, ಯಾವ ದಿನ ಎಷ್ಟು ಜನ ಬರುತ್ತೇವೆ ಎಂದು ಹೇಳಿ ಬರಬೇಕು. ರಾಗಿ, ಕಡಲೆ ಬೆಳೆ ನಿಂತಿರುವ ಹೊಲದಲ್ಲಿ ಇಪ್ಪತ್ತು ಜೊತೆ ಬೂಟುಗಳು ನಡೆದರೆ ಏನಾಗುತ್ತದೆ ಎಂದು ರೈತನಿಗೆ ಗೊತ್ತು. ಕೇಳಿ ಹೋದವರಿಗೆ ಯಾರೂ ಬೇಡ ಎಂದದ್ದನ್ನು ನಾನು ಕಂಡಿಲ್ಲ. "ಕಲ್ಲು ತಾನೆ, ನೋಡ್ಕಳ್ಳಿ. ಬದ ಮಾತ್ರ ತುಳೀಬ್ಯಾಡಿ" ಎನ್ನುತ್ತಾರೆ. ನಡೆಯುತ್ತಿರುವ ಕ್ವಾರಿಯಾದರೆ ಮಾಲೀಕರ ಒಪ್ಪಿಗೆಯ ಜೊತೆಗೆ ಸಿಡಿಮದ್ದು ಹಾರಿಸುವ ಹೊತ್ತನ್ನೂ ಕೇಳಿಟ್ಟುಕೊಳ್ಳಬೇಕು.

ಈ ಸಿದ್ಧತೆಯೆಲ್ಲ ಯಾತಕ್ಕೆ ಎಂಬುದು ಕಬ್ಬಾಳಿನ ಕ್ವಾರಿಯಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಇಳಿದ ದಿನ ಯಾರಿಗೂ ನಿದ್ದೆ ಸರಿಹೋಗಿರುವುದಿಲ್ಲ. ಅಂದು ಲಾಲ್‌ಬಾಗ್ ಸಾಕು. ಕೆಂಪೇಗೌಡರ ಗೋಪುರ ನಿಂತಿರುವ ಆ ಗುಡ್ಡ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟ ಶಿಲೆ ಇದೇ, ಸುಮಾರು 300 ಕೋಟಿ ವರ್ಷದ್ದು. ಇಲ್ಲಿ ಸುತ್ತಿಗೆ ಹೊರತೆಗೆಯುವಂತಿಲ್ಲ. ಬೂದು ಕಲ್ಲಿನಲ್ಲಿ ಬಿಳಿ ಪಟ್ಟೆ ಕಪ್ಪು ಪಟ್ಟೆ ಹೇಗೆ ಮಡಚಿಕೊಂಡಿವೆ ಎಂದು ನೋಡಿ ಮನಸ್ಸಿನಲ್ಲಿಟ್ಟುಕೊಳ್ಳಲಿ, ನಾಳೆ ಬೇಕಾಗುತ್ತದೆ.

ಮರುದಿನ ಕಬ್ಬಾಳದುರ್ಗದ ಬುಡದಲ್ಲಿ ಆ ಪಟ್ಟೆಗಳೇ ಮತ್ತೆ ಎದುರಾಗುತ್ತವೆ. ಕ್ವಾರಿಯಲ್ಲಿ ಕತ್ತರಿಸಿದ ಮುಖದ ಮೇಲೆ ನೈಸ್‌ನ ಸಾಲುಗಳು ನೀಟಾಗಿ ಸಾಗುತ್ತಿರುತ್ತವೆ. ನಡುವೆ ಎಲ್ಲೋ ಒಂದು ಕಡೆ, ಬಿಳಿ ಪಂಚೆಯ ಮೇಲೆ ಹರಳೆಣ್ಣೆ ಚೆಲ್ಲಿದ ಹಾಗೆ, ಹಸಿರುಗಪ್ಪು ಬಣ್ಣದ ಕಲೆ ಹಬ್ಬಿದೆ. ಹತ್ತಿರ ಹೋಗಿ ನೋಡಿದರೆ ಕಲೆಯೊಳಗೆ ಪಟ್ಟೆಗಳು ಮಸುಕಾಗುತ್ತ ಹೋಗಿ ಅಳಿಸಿಹೋಗಿವೆ. ಕಣಗಳು ದಪ್ಪವಾಗಿವೆ, ಜಿಡ್ಡು ಮೆತ್ತಿದಂಥ ಹೊಳಪು ಬಂದಿದೆ. ಅದು ಚಾರ್ನೊಕೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದೊಳಗೆ ಬಹು ಆಳದಲ್ಲಿ, ಬಿರುಕುಗಳ ಗುಂಟ ಇಂಗಾಲದ ಡೈಆಕ್ಸೈಡ್ ಹೆಚ್ಚಿದ ದ್ರವ ನುಗ್ಗಿ, ನೀರಿನಂಶವನ್ನು ಹೊರದೂಡಿ, ನೈಸನ್ನು ನಿಂತಲ್ಲೇ ಬೇರೆ ಶಿಲೆಯನ್ನಾಗಿ ಮಾಡತೊಡಗಿತು. ಕೆಲಸ ಅರ್ಧಕ್ಕೇ ನಿಂತಿತು. ಆದ್ದರಿಂದಲೇ ನಮಗದು ಕಾಣುತ್ತಿದೆ. ಪೂರ್ತಿ ಮುಗಿದಿದ್ದರೆ ಇಡೀ ಬಂಡೆ ಚಾರ್ನೊಕೈಟ್ ಆಗಿ, ಮೊದಲು ಏನಿತ್ತೆಂಬ ಸುಳಿವೇ ಉಳಿಯುತ್ತಿರಲಿಲ್ಲ. ಮೈಸೂರಿನ ಹಿರಿಯ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. 1979ರಲ್ಲಿ ಎ.ಎಸ್. ಜನಾರ್ದನ್ ಮತ್ತು ಅವರ ಅಮೆರಿಕನ್ ಸಂಗಡಿಗರು ಅದೇ ಪತ್ರಿಕೆಯಲ್ಲಿ ಇದರ ರಾಸಾಯನಿಕ ಕಾರಣವನ್ನು ಚರ್ಚಿಸಿದರು. ಅಲ್ಲಿಂದೀಚೆಗೆ ಕಬ್ಬಾಳು ಜಗತ್ತಿನ ಶಿಲಾವಿಜ್ಞಾನದ ತರಗತಿಗಳಲ್ಲಿ ಕೇಳಿಬರುವ ಹೆಸರು.

ಇಂಥ ಬಂಡೆಗೆ ಎಷ್ಟು ಹೊತ್ತು ಕೊಡುತ್ತೀರಿ? ಟೂರಿನವರು ಹಾಕಿಕೊಡುವ ಪಟ್ಟಿಯಲ್ಲಿ ಅರ್ಧ ಗಂಟೆ ಇರುತ್ತದೆ. ಗಾಡಿಯಿಂದ ಇಳಿದು, ಟೋಪಿ ಹಾಕಿಕೊಂಡು, ಬೂಟಿನ ದಾರ ಬಿಗಿದು ಬಂಡೆಯ ಮುಂದೆ ನಿಲ್ಲುವ ಹೊತ್ತಿಗೇ ಕಾಲು ಗಂಟೆ ಮುಗಿದಿರುತ್ತದೆ. ಎಲ್ಲರೂ ಒಬ್ಬೊಬ್ಬರಾಗಿ ಭೂತಗನ್ನಡಿ ಹಿಡಿದು ಕಣ ನೋಡಬೇಕು, ಚಿತ್ರ ಬರೆಯಬೇಕು, ವಾದ ಮಾಡಬೇಕು. ಅದು ದ್ರವದಿಂದ ಆದದ್ದೋ ಕರಗಿ ಆದದ್ದೋ ಎಂದು ಇಬ್ಬರು ಪ್ರಾಧ್ಯಾಪಕರು ವಾದಕ್ಕಿಳಿದಾಗಲೇ ವಿದ್ಯಾರ್ಥಿಗಳಿಗೆ ನಿಜವಾದ ಪಾಠ. ಕಬ್ಬಾಳಿಗೆ ಅರ್ಧ ದಿನ ಬೇಕು. ದಿನಕ್ಕೆ ಮೂರು ತಾಣ, ಹೆಚ್ಚೆಂದರೆ ನಾಲ್ಕು. ಒಂದೇ ವಾರದಲ್ಲಿ ಹಂಪಿಯೂ ಆಗಲಿ ಮಲ್ಪೆಯೂ ಆಗಲಿ ಎಂದು ಹೊರಡುವವರು ಕಿಟಕಿಯ ಆಚೆಗಿನ ಕರ್ನಾಟಕವನ್ನು ನೋಡಿ ಹೋಗುತ್ತಾರೆ, ಕಲ್ಲನ್ನಲ್ಲ. ಕಬ್ಬಾಳಮ್ಮನ ಗುಡಿಗೆ ಜನ ಹೆಚ್ಚು ಸೇರುವ ದಿನಗಳನ್ನು ಬಿಟ್ಟು, ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು.

ರಾಮನಗರದ ಬೆಟ್ಟಗಳ ಬಗ್ಗೆ ಒಂದು ಮಾತು. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು. ಅಲ್ಲಷ್ಟೇ ಅಲ್ಲ, ಎಲ್ಲೇ ಎತ್ತರದ ಬಂಡೆಯ ಮುಖ ಕಂಡರೂ ಮೊದಲು ತಲೆಯೆತ್ತಿ ಹೆಜ್ಜೇನು ಇದೆಯೇ ನೋಡಬೇಕು. ಸುತ್ತಿಗೆಯ ಒಂದೇ ಏಟಿಗೆ, ಸೆಂಟಿನ ವಾಸನೆಗೆ ಹೆಜ್ಜೇನು ಏಳುತ್ತದೆ. ಎದ್ದರೆ ಓಡಲು ಬಂಡೆಯ ಮೇಲೆ ಜಾಗವಿರುವುದಿಲ್ಲ. ವಿದೇಶಿ ತಂಡಗಳ ಸುರಕ್ಷತಾ ಪಟ್ಟಿಯಲ್ಲಿ ಹಿಮಪಾತ, ಬಂಡೆ ಉರುಳುವಿಕೆ ಎಲ್ಲ ಇರುತ್ತವೆ. ಹೆಜ್ಜೇನು, ಕೊಳಕುಮಂಡಲ, ಸಂಜೆ ಗುಂಡುಗಳ ಸಂದಿಯಿಂದ ಇಳಿದುಬರುವ ಕರಡಿ ಇರುವುದಿಲ್ಲ. ಅದನ್ನು ನಾವೇ ಸೇರಿಸಬೇಕು. ಹಾವಿನ ವಿಷಕ್ಕೆ ಮದ್ದು ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದೆಂದು ಪ್ರತಿ ತಾಣದ ಮುಂದೆ ಬರೆದಿರಬೇಕು. 108, 112 ಸಂಖ್ಯೆಗಳು ಎಲ್ಲರ ಮೊಬೈಲಿನಲ್ಲೂ ಇರಬೇಕು. ಸಂಜೆ ಐದೂವರೆಗೆ ಎಲ್ಲರೂ ಗಾಡಿಯೊಳಗೆ ಇರಬೇಕು.

ಊಟ, ನೀರಿನ ವಿಷಯ ಸುಲಭ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಲೆಕ್ಕ ಹಾಕಿ ಕ್ಯಾನುಗಳನ್ನೇ ಒಯ್ಯಬೇಕು. ಮಧ್ಯಾಹ್ನಕ್ಕೆ ಚಪಾತಿ, ಪಲ್ಯ, ಬಾಳೆಹಣ್ಣು, ಕಡಲೆಮಿಠಾಯಿ ಇದ್ದರೆ ಸಾಕು. ಸುಲಭವಲ್ಲದ್ದು ಶೌಚಾಲಯ. ತಂಡದಲ್ಲಿ ಹೆಣ್ಣುಮಕ್ಕಳೇ ಅರ್ಧ ಇರುತ್ತಾರೆ. ಬಯಲುಸೀಮೆಯ ಬೋಳು ನೆಲದಲ್ಲಿ ಮರೆ ಎಂಬುದಿಲ್ಲ. ಶೌಚಾಲಯವಿಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಬಿಸಿಲಲ್ಲಿ ನಡೆದು ತಲೆಸುತ್ತಿ ಕೂತ ವಿದ್ಯಾರ್ಥಿನಿಯರನ್ನು ಕಂಡಿದ್ದೇನೆ. ಅವರಲ್ಲಿ ನಮ್ಮವರೂ ಇದ್ದರು, ಹೊರಗಿನವರೂ ಇದ್ದರು. ಎರಡು ಗಂಟೆಗೊಮ್ಮೆ ಶುಚಿಯಾದ ಶೌಚಾಲಯ ಸಿಗುವಂತೆ ದಾರಿ ಹೆಣೆಯುವುದು ಸೌಜನ್ಯದ ಮಾತಲ್ಲ, ಪಠ್ಯದ ಭಾಗ. ದಾರಿಯ ಕಾಲೇಜುಗಳನ್ನು ಕೇಳಿದರೆ ಅವು ಸಂತೋಷದಿಂದ ಬಾಗಿಲು ತೆರೆಯುತ್ತವೆ. ಅಲ್ಲಿನ ವಿದ್ಯಾರ್ಥಿಗಳೂ ಅರ್ಧ ದಿನ ತಂಡದೊಡನೆ ಸೇರಿಕೊಂಡರೆ ಇಬ್ಬರಿಗೂ ಲಾಭ.

ಚಿತ್ರದುರ್ಗದಲ್ಲಿ ಎರಡು ರಾತ್ರಿ ತಂಗಲೇಬೇಕು, ಮರಡಿಹಳ್ಳಿಗಾಗಿ. ಕೆಲವೇ ಹೆಜ್ಜೆಗಳಲ್ಲಿ ಸುತ್ತಿ ಬರಬಹುದಾದ ಆ ಬಂಡೆಯ ಮೇಲೆ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿದಂತೆ ಕಾಣುವ ಉಬ್ಬುಗಳಿವೆ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಲಾವಾ ಉಕ್ಕಿದಾಗ, ತಣ್ಣೀರು ತಾಗಿದ ಹೊರಮೈ ತಕ್ಷಣ ಹೆಪ್ಪುಗಟ್ಟಿ, ಒಳಗಿನ ಬಿಸಿ ಲಾವಾ ಅದನ್ನು ಸೀಳಿಕೊಂಡು ಮತ್ತೊಂದು ದಿಂಬಾಗಿ, ಮಗದೊಂದಾಗಿ ಉರುಳಿದ ಗುರುತು. ಪ್ರತಿ ದಿಂಬಿನ ಸುತ್ತ ಬೇಗ ತಣಿದ ಅಂಚು ಬೇರೆ ಬಣ್ಣದಲ್ಲಿ ಕಾಣುತ್ತದೆ. ಮೇಲ್ಭಾಗ ಗುಂಡಗಿದ್ದು, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಬಾಲದಂತೆ ಇಳಿದಿರುತ್ತದೆ. ಆ ಬಾಲವನ್ನು ನೋಡಿ, ಆಗ ಮೇಲು ಯಾವುದು ಕೆಳಗು ಯಾವುದು ಎಂದು ಬೆರಳಿಟ್ಟು ಹೇಳಬಹುದು. ಮಳೆಗೆ ಬಾಯಿ ಬಿಡುವ ಚಿತ್ರದುರ್ಗದ ನೆಲ ಒಮ್ಮೆ ಕಡಲ ತಳವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾಲ್‌ಬಾಗ್, ಮರಡಿಹಳ್ಳಿ, ಕೋಲಾರ ಚಿನ್ನದ ಗಣಿಯ ಬಳಿಯ ಪೆದ್ದಪಲ್ಲಿ, ಸೇಂಟ್ ಮೇರಿ ದ್ವೀಪ ಎಂದು ನಮ್ಮ ರಾಜ್ಯದಲ್ಲಿ ಇಂಥ ನಾಲ್ಕು ಸ್ಮಾರಕಗಳಿವೆ. ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಗುರುತು ಅವು. ಅದೇ ಕಾಲದ ಶಿಲೆಗಳು ಮಡಗಾಸ್ಕರ್‌ನಲ್ಲೂ ಇವೆ. ಅದಕ್ಕೆಂದೇ ಬರುವವರಿಗೆ ಉಡುಪಿಯ ಪ್ರವಾಸ ಬೇರೆಯೇ ಆಗಿ ನಡೆಯಲಿ.

ಪ್ರವಾಸ ಮುಗಿಯುವ ಹೊತ್ತಿಗೆ ಎಲ್ಲರ ಚೀಲವೂ ಭಾರ. ಸ್ಮಾರಕಗಳಲ್ಲಿ, ಅರಣ್ಯದಲ್ಲಿ, ಹಂಪಿಯಂಥ ಸಂರಕ್ಷಿತ ಜಾಗಗಳಲ್ಲಿ ಒಂದು ಚೂರೂ ಮುಟ್ಟುವಂತಿಲ್ಲ. ಉಳಿದೆಡೆ ಅನುಮತಿ ಪಡೆದು ತೆಗೆದ ಮಾದರಿಗೂ ಎಲ್ಲಿಯದು, ಯಾತಕ್ಕೆ, ವ್ಯಾಪಾರದ ಬೆಲೆಯಿಲ್ಲ ಎಂಬ ಪತ್ರ ಆತಿಥೇಯ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಜೊತೆಗಿರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಹೊರಡುವ ಹಿಂದಿನ ರಾತ್ರಿ ಬೂಟಿನ ಅಡಿಯ ಮಣ್ಣನ್ನು ಬ್ರಷ್ ಹಾಕಿ ಉಜ್ಜುತ್ತ ಕೂರುತ್ತಾರೆ. ಅವರ ದೇಶದಲ್ಲಿ ಹೊರಗಿನ ಮಣ್ಣಿಗೆ ಪ್ರವೇಶವಿಲ್ಲ.

ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ನಮ್ಮ ಧಾರವಾಡದ ಶಿಲೆಗಳಷ್ಟೇ ಹಳೆಯ, ಕೆಲವೆಡೆ ಇನ್ನೂ ಹಿರಿಯ ನೆಲ. ಅಲ್ಲಿ ಬಾರ್ಬರ್ಟನ್ ಪಟ್ಟಣದಿಂದ ಎಸ್ವಾಟಿನಿ ಗಡಿಯ ಕಡೆಗೆ ಹೋಗುವ ಬೆಟ್ಟದ ರಸ್ತೆಯುದ್ದಕ್ಕೂ ಮುಖ್ಯ ಬಂಡೆಗಳ ಎದುರು ವಾಹನ ನಿಲ್ಲಿಸಲು ತಂಗುಜಾಗ ಮಾಡಿ, ಮಳೆ ಬಿಸಿಲಿಗೆ ತಡೆಯುವ ಫಲಕ ನಿಲ್ಲಿಸಿದ್ದಾರೆ. 2018ರಲ್ಲಿ ಆ ಬೆಟ್ಟಸಾಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮಲ್ಲಿ 1894ರಲ್ಲೇ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಿತ್ತು. 1958ರಲ್ಲಿ ಬೆಂಗಳೂರಿನಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ ಈ ನೆಲದ ಶಿಲೆಗಳ ಬಗ್ಗೆ ಜೀವನವಿಡೀ ಬರೆದರು. ವಿದ್ಯೆಗೆ ನಮ್ಮಲ್ಲಿ ಕೊರತೆಯಿಲ್ಲ. ಕಬ್ಬಾಳಿನ ಆ ಕ್ವಾರಿಗೆ ಕಾನೂನಿನ ರಕ್ಷಣೆ, ಮರಡಿಹಳ್ಳಿಯ ಬಳಿ ಎರಡು ಗಾಡಿ ನಿಲ್ಲುವಷ್ಟು ಜಾಗ, ಒಂದು ಶೌಚಾಲಯ, ಕನ್ನಡದಲ್ಲೂ ಬರೆದ ಫಲಕ, ಅರಣ್ಯ, ಗಣಿ, ಪುರಾತತ್ವ ಇಲಾಖೆಗಳ ಅನುಮತಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದೇ ಅರ್ಜಿ, ಇಷ್ಟು ಆದರೆ ವಿದೇಶದ ತಂಡಕ್ಕಿಂತ ಮೊದಲು ನಮ್ಮ ಹೈಸ್ಕೂಲು ಮಕ್ಕಳು ಅಲ್ಲಿಗೆ ಹೋಗುತ್ತಾರೆ. ದೊಡ್ಡ ಹಣ ಬೇಡುವ ಕೆಲಸವಲ್ಲ ಇದು. ಗಣಿ ಮತ್ತು ಭೂವಿಜ್ಞಾನ ಇಲಾಖೆ, ಪ್ರವಾಸೋದ್ಯಮ ಇಲಾಖೆ ಒಂದು ಮೇಜಿನ ಸುತ್ತ ಕೂತರೆ ಬರುವ ಚಳಿಗಾಲದೊಳಗೆ ಆಗಿಬಿಡುತ್ತದೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಬಳಿ ಪಟ್ಟೆಪಟ್ಟೆಯ ಬಂಡೆಯೋ ದಿಂಬಿನಂಥ ಕಲ್ಲೋ ಇದ್ದು, ಅಲ್ಲಿ ಕ್ರಷರ್ ಬರುತ್ತದೆಂಬ ಸುದ್ದಿ ಕಿವಿಗೆ ಬಿದ್ದರೆ, ಫೋಟೊ ತೆಗೆದು, ಜಾಗದ ಲೊಕೇಶನ್ ಸಮೇತ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಅಂದೇ ಕಳಿಸಿ.